ಬೈಟು ಲೋಟದಲ್ಲಿ ಇಟಲಿ

ಬಾಬಾಬುಡನ್ ಗಿರಿಸಾಲು ಭದ್ರಾವತಿಗೆ ಕೊಟ್ಟದ್ದು ಎರಡು: ಅದಿರು ಮತ್ತು ಕಾಫಿ. ಅದಿರಿನ ಕಥೆ ಊರಲ್ಲಿ ಎಲ್ಲರಿಗೂ ಬಾಯಿಪಾಠ. 1923ರಲ್ಲಿ ಕುಲುಮೆ ಹೊತ್ತಿದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಕೆಂಪು ಕಲ್ಲೇ ಆಧಾರವಾಯಿತು. ಕಾರ್ಖಾನೆಯ ಸುತ್ತ ನ್ಯೂ ಟೌನ್ ಎದ್ದಿತು, ಆಮೇಲೆ ಕಾಗದದ ಕಾರ್ಖಾನೆಯಿಂದ ಪೇಪರ್ ಟೌನ್ ಹುಟ್ಟಿತು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನವನ್ನು ಮಡಿಲಲ್ಲಿಟ್ಟುಕೊಂಡು ತನ್ನ ಪಾಡಿಗೆ ತಾನಿದ್ದ ಹಳೇ ಊರು ಆಗ ಓಲ್ಡ್ ಟೌನ್ ಆಯಿತು. ಕಾಫಿಯದು ಇನ್ನೂ ಹಳೆಯ ಕಥೆ. ಹದಿನೇಳನೇ ಶತಮಾನದಲ್ಲಿ ಬಾಬಾಬುಡನ್ ಏಳು ಬೀಜ ತಂದು ಬೆಟ್ಟದಲ್ಲಿ ನೆಟ್ಟರೆಂಬ ಪ್ರತೀತಿ ಎಲ್ಲ ಶಾಲಾಮಕ್ಕಳಿಗೂ ಗೊತ್ತು. ಆ ಬೀಜದ ಸಂತತಿ ಈಗ ಎಲ್ಲಿಗೆ ಹೋಗುತ್ತದೆ ಎನ್ನುವುದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ಹೋಗುವುದು ಇಟಲಿಗೆ. ಭಾರತದ ಕಾಫಿಯನ್ನು ಹೊರದೇಶಗಳ ಪೈಕಿ ಅತಿ ಹೆಚ್ಚು ಕೊಳ್ಳುತ್ತಾ ಬಂದಿರುವುದು ಅದೇ ದೇಶ. ನಮ್ಮ ದೇಶದ ಕಾಫಿಯಲ್ಲಿ ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಅಂದರೆ ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳಲ್ಲಿ. ಎಸ್ಪ್ರೆಸೊ ಮೇಲೆ ನಿಲ್ಲುವ ಕಂದು ನೊರೆಗೂ ಅದರ ಮೈಕಟ್ಟಿಗೂ ರೊಬಸ್ಟಾ ಬೇಕು; ಇಟಲಿಯ ಹುರಿಗಾರರು ನಮ್ಮ ರೊಬಸ್ಟಾ ಹುಡುಕಿಕೊಂಡು ಬರುವುದು ಅದಕ್ಕೇ. ಹಾಗಾಗಿ ಇಟಲಿಯ ಊಟದ ಮನೆಯೊಂದರಲ್ಲಿ ಕಾಫಿಯ ಸಿಹಿ ತಿನ್ನುವವನ ಚಮಚದಲ್ಲಿ ತರೀಕೆರೆ ಆಚೆಯ ಬೆಟ್ಟದ ಬೀಜ ಇದ್ದರೂ ಇರಬಹುದು. ನಾವು ಮಾತ್ರ ಆ ಸಿಹಿಯನ್ನು ಬೆಂಗಳೂರಿನ ಕೆಫೆಯ ಗಾಜಿನ ಪೆಟ್ಟಿಗೆಯಲ್ಲಿ ನೋಡಿ, ಬೆಲೆ ಕೇಳಿ, ಮುಂದೆ ಹೋಗುತ್ತೇವೆ.

ಹಾಗೆ ಮುಂದೆ ಹೋಗಬೇಕಿಲ್ಲ. ತಿರಮಿಸು, ಪನ್ನಾ ಕೊಟ್ಟಾ, ಅಫೊಗಾಟೊ, ಗ್ರಾನೀಟ ಈ ನಾಲ್ಕಕ್ಕೂ ಓವನ್ ಬೇಡ. ಬೇಕಾದ್ದು ಗಟ್ಟಿ ಡಿಕಾಕ್ಷನ್, ಒಳ್ಳೆಯ ಕೆನೆ, ಬೇಕರಿಯ ರಸ್ಕು, ಒಂದು ಫ್ರಿಜ್. ಆದರೆ ಓವನ್ ಮುಟ್ಟಿಸದ ಸಿಹಿ ಎಂದರೆ ಯಾರು ಬೇಕಾದರೂ ಕಣ್ಣು ಮುಚ್ಚಿ ಮಾಡಬಹುದು ಎನ್ನುವ ಮಾತು ಅರ್ಧ ಸುಳ್ಳು. ಕೇಕಿನಲ್ಲಿ ಮೊಟ್ಟೆ ಮತ್ತು ಮೈದಾವನ್ನು ಬಿಸಿ ಗಟ್ಟಿ ಮಾಡುತ್ತದೆ. ಇಲ್ಲಿ ಕೊಬ್ಬನ್ನು ತಂಪು ಗಟ್ಟಿ ಮಾಡಬೇಕು. ಬಿಸಿಯ ಅಡುಗೆ ನಮಗೆ ತಲೆತಲಾಂತರದಿಂದ ಕೈಗೆ ಹತ್ತಿದೆ. ತಂಪಿನ ಅಡುಗೆಯಲ್ಲಿ ನಾವು ಎಡವುತ್ತೇವೆ, ಅದರಲ್ಲೂ ಏಪ್ರಿಲ್ ಮಧ್ಯಾಹ್ನ.

ಮೊದಲು ತಿರಮಿಸುವಿನ ಹುಟ್ಟಿನ ಜಗಳ. ಈ ಸಿಹಿ ಬಹಳ ಪುರಾತನದ್ದೆಂದು ನಂಬಿರುವವರಿದ್ದಾರೆ. ಹಾಗೇನಿಲ್ಲ, ಇದು ನಮ್ಮ ಅನೇಕ ಓದುಗರಿಗಿಂತ ಚಿಕ್ಕದು. ವೆನಿಸ್ ಹತ್ತಿರದ ತ್ರೆವೀಜೊ ಊರಿನ ‘ಲೆ ಬೆಕ್ಕೆರಿಯೆ’ ಎಂಬ ಊಟದ ಮನೆಯಲ್ಲಿ 1970ರ ಆಸುಪಾಸು ಇದು ಪಟ್ಟಿಗೆ ಸೇರಿತು. ಮನೆಯ ಯಜಮಾನ ಆದೊ ಕಂಪೆಯೊಲ್, ಹೆಂಡತಿ ಆಲ್ಬಾ, ಸಿಹಿ ಮಾಡುತ್ತಿದ್ದ ರೊಬೆರ್ತೊ ಲಿಂಗ್ವಾನೊತ್ತೊ, ಈ ಮೂವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಮನೆಯವರು ಹೇಳುತ್ತಿದ್ದ ಕಥೆ ನಮಗೆ ಸಲೀಸಾಗಿ ಅರ್ಥವಾಗುವಂಥದ್ದು: ಆಲ್ಬಾ ಬಾಣಂತಿಯಾಗಿ ಸೊರಗಿದ್ದಾಗ ಅತ್ತೆ ಮೊಟ್ಟೆಯ ಹಳದಿಗೆ ಸಕ್ಕರೆ ಹಾಕಿ ಕಡೆದು, ಕಾಫಿ ಬೆರೆಸಿ ಕೊಟ್ಟರಂತೆ, ಶಕ್ತಿ ಬರಲಿ ಎಂದು. ಅಲ್ಲಿಂದ ಈ ಸಿಹಿಯ ಯೋಚನೆ ಹುಟ್ಟಿತಂತೆ. ಪಕ್ಕದ ಫ್ರಿಯುಲಿ ಸೀಮೆಯವರು ಇದನ್ನು ಒಪ್ಪುವುದಿಲ್ಲ. ತಮ್ಮ ತೊಲ್ಮೆತ್ಸೊ ಊರಿನ ಹೋಟೆಲೊಂದರಲ್ಲಿ 1950ರ ದಶಕದಲ್ಲೇ ಇದಿತ್ತು ಎನ್ನುವುದು ಅವರ ವಾದ. 2017ರಲ್ಲಿ ಇಟಲಿ ಸರ್ಕಾರದ ಸಾಂಪ್ರದಾಯಿಕ ತಿನಿಸುಗಳ ಪಟ್ಟಿಯಲ್ಲಿ ತಿರಮಿಸು ಫ್ರಿಯುಲಿಯ ಹೆಸರಿನಲ್ಲಿ ಸೇರಿದಾಗ ತ್ರೆವೀಜೊದಲ್ಲಿ ಗಲಾಟೆಯೇ ಆಯಿತು. ಮೈಸೂರುಪಾಕಿಗಾಗಿ ನಾವೂ ತಮಿಳರೂ ಕಿತ್ತಾಡಿದ್ದನ್ನು ನೋಡಿದವರಿಗೆ ಇದರಲ್ಲಿ ವಿಶೇಷವೇನೂ ಕಾಣದು.

ನಮಗೆ ಮುಖ್ಯ ಬೇರೆ ಸಂಗತಿ. 2010ರಲ್ಲಿ ತ್ರೆವೀಜೊದವರು ನೋಟರಿಯ ಮುಂದಿಟ್ಟು ದಾಖಲು ಮಾಡಿಸಿದ ವಿಧಾನದಲ್ಲಿ ಇರುವುದು ಇಷ್ಟೇ: 12 ಮೊಟ್ಟೆಯ ಹಳದಿ, ಅರ್ಧ ಕೆಜಿ ಸಕ್ಕರೆ, ಒಂದು ಕೆಜಿ ಮಸ್ಕರ್ಪೊನೆ, 60 ಸವೊಯಾರ್ಡಿ ಬಿಸ್ಕತ್ತು, ಕಾಫಿ, ಕೋಕೊ ಪುಡಿ. ಮದ್ಯದ ಹನಿಯೂ ಇಲ್ಲ. ಕೆಫೆಗಳಲ್ಲಿ ರಮ್ಮೋ ಮಾರ್ಸಾಲವೋ ಸುರಿಯುವುದು ಆಮೇಲಿನವರ ಚಾಳಿ. ಓಲ್ಡ್ ಟೌನಿನಂಥ ಕಡೆ, ಒಂದೇ ಓಣಿಯಲ್ಲಿ ಮಡಿ ಮನೆಯೂ ಮುಸ್ಲಿಮರ ಮನೆಯೂ ಇರುವ ಕಡೆ, ಇದೊಂದು ದೊಡ್ಡ ಅನುಕೂಲ. ಮದ್ಯ ಬಿಟ್ಟರೆ ಅದು ಅಸಲಿ ಅಲ್ಲ ಎಂದು ಯಾರಾದರೂ ಮೂಗು ಮುರಿದರೆ ತ್ರೆವೀಜೊದ ನೋಟರಿಯ ಕಡೆ ಬೆರಳು ತೋರಿಸಬಹುದು.

ಇನ್ನು ಡಿಕಾಕ್ಷನ್. ಇಟಲಿಯ ಮನೆಗಳಲ್ಲಿ ತಿರಮಿಸುವಿಗೆ ಎಸ್ಪ್ರೆಸೊ ಯಂತ್ರದ ಕಾಫಿಯನ್ನೇ ಹಾಕುತ್ತಾರೆ ಎನ್ನುವುದೊಂದು ಭ್ರಮೆ. ಯಂತ್ರ ಇರುವುದು ಹೋಟೆಲಿನಲ್ಲಿ. ಮನೆಯಲ್ಲಿರುವುದು ಮೋಕಾ ಪಾತ್ರೆ. 1933ರಲ್ಲಿ ಅಲ್ಫೊನ್ಸೊ ಬಿಯಾಲೆತ್ತಿ ಮಾರುಕಟ್ಟೆಗೆ ತಂದ, ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆ. ಅದರಲ್ಲಿ ಕೆಳಗಿನ ನೀರನ್ನು ಹಬೆ ಮೇಲಕ್ಕೆ ಒತ್ತಿ ಪುಡಿಯ ಮೂಲಕ ಹಾಯಿಸುತ್ತದೆ. ನಮ್ಮ ಫಿಲ್ಟರಿನಲ್ಲಿ ಹಬೆಯ ಒತ್ತಡವಿಲ್ಲ, ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಸಾರ ಅಷ್ಟೇ ಬರುತ್ತದೆ. ಹೀಗಾಗಿ ಮೋಕಾ ಕಾಫಿಯ ಜಾಗಕ್ಕೆ ಫಸ್ಟ್ ಡಿಕಾಕ್ಷನ್ ಹಾಕುವುದರಲ್ಲಿ ರಾಜಿ ಏನೂ ಇಲ್ಲ.

ಲೆಕ್ಕ ಮಾತ್ರ ಗೊತ್ತಿರಲಿ. ಕಾಫಿಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ತಾನೇ ಕುಡಿದು ಇಟ್ಟುಕೊಳ್ಳುತ್ತದೆ. 75 ಗ್ರಾಂ ಪುಡಿಗೆ 350 ಮಿಲಿ ಕುದಿನೀರು ಹಾಕಿದರೆ ಕೆಳಗೆ ಇಳಿಯುವುದು 200 ಮಿಲಿ ಆಸುಪಾಸು. ದಿನದ ಕಾಫಿಯ ಅಳತೆಯಲ್ಲಿ ಮಾಡಿದ ಡಿಕಾಕ್ಷನ್ನು, ಅದರಲ್ಲೂ ಎರಡನೇ ಸಲ ನೀರು ಹಾಕಿ ತೆಗೆದದ್ದು, ಇಲ್ಲಿ ಪೂರ್ತಿ ಸೋಲುತ್ತದೆ. ಕೆನೆಯ ಕೊಬ್ಬು ನಾಲಿಗೆಗೆ ಮೆತ್ತಿಕೊಂಡು ಕಹಿಯನ್ನು ಮುಚ್ಚುತ್ತದೆ, ತಂಪು ಸುವಾಸನೆಯನ್ನು ಅಡಗಿಸುತ್ತದೆ. ಬಿಸಿ ಕಾಫಿಯಲ್ಲಿ ಅತಿ ಎನಿಸುವ ಕಡುಪು ತಣ್ಣನೆಯ ಸಿಹಿಯಲ್ಲಿ ಸರಿ ಎನಿಸುವುದು ಅದಕ್ಕೇ.

ಚಿಕೋರಿ? ಪುಡಿ ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲ. ಬಣ್ಣ, ಮಂದ, ಒಂದಿಷ್ಟು ಸುಟ್ಟ ಸಕ್ಕರೆಯಂಥ ಕಹಿ ಕೊಡುತ್ತದೆ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪೊಟ್ಟಣದ ಮೇಲೆ ಪ್ರಮಾಣ ಬರೆದಿರಲೇಬೇಕು, ಓದಿ ನೋಡಿ. ಶುದ್ಧ ಕಾಫಿಯ ಭಕ್ತರು ಚಿಕೋರಿ ಎಂದರೆ ಸಿಡುಕುತ್ತಾರೆ. ನನ್ನ ಮತ ಬೇರೆ. ರಸ್ಕು ಹಾಕಿ ಮಾಡುವ ತಿರಮಿಸುವಿಗೆ ಶೇ 20ರಷ್ಟು ಚಿಕೋರಿ ಇದ್ದರೆ ಒಳ್ಳೆಯದೇ. ನಮ್ಮ ರಸ್ಕಿನ ಸಿಹಿ ಸ್ವಲ್ಪ ಜಾಸ್ತಿ, ಅದಕ್ಕೆ ಎದುರು ನಿಲ್ಲುವ ಕಹಿ ಬೇಕು. ಐಸ್‌ಕ್ರೀಮಿನ ಮೇಲೆ ಸುರಿಯುವ ಅಫೊಗಾಟೊಗೆ ಮಾತ್ರ ಚಿಕೋರಿ ಬೇಡವೇ ಬೇಡ. ಪೀಬೆರಿಯೋ ಪ್ಲಾಂಟೇಷನ್ ಎ ಬೀಜವೋ ಕಾಲು ಕೆಜಿ ಬೇರೆಯಾಗಿ ಪುಡಿ ಮಾಡಿಸಿಕೊಳ್ಳಿ.

ರಸ್ಕಿನ ಮಾತು ಬಂತಲ್ಲ. ಸವೊಯಾರ್ಡಿ ಎಂಬ ಇಟಲಿಯ ಬಿಸ್ಕತ್ತು ಬೆರಳುದ್ದದ್ದು, ಮೊಟ್ಟೆಯ ನೊರೆಯಿಂದ ಮಾಡಿದ ಹಗುರ ಸ್ಪಂಜು. ಭದ್ರಾವತಿಯಲ್ಲಿ ಅದನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ ಸಂತೆಗೆ ಹೋಗುವ ದಾರಿಯ ಬೇಕರಿ ಲೇಸು. ಅಯ್ಯಂಗಾರ್ ಬೇಕರಿಗಳಲ್ಲಿ ಎರಡು ಸಲ ಬೆಂದು ಗರಿಗರಿಯಾದ ರಸ್ಕು ಸಿಗುತ್ತದೆ, ಬಹುತೇಕ ಮೊಟ್ಟೆ ಇಲ್ಲದ್ದು. ಇದರ ಕೆಲಸ ಏನೆಂದರೆ ಡಿಕಾಕ್ಷನ್ ಹೀರಬೇಕು, ಹೀರಿದ ಮೇಲೂ ಆಕಾರ ಬಿಡಬಾರದು. ಓಣಿಯ ಹಿರಿಯರೊಬ್ಬರಿಗೆ ಒಂದು ಲೋಟ ಕೊಟ್ಟಾಗ ಅವರು ತಿಂದು ಮುಗಿಸಿ, “ಅಲ್ಲ ಕಣಮ್ಮಾ, ರಸ್ಕು ಕಾಫಿಗೆ ಅದ್ದಿ ತಿನ್ನೋದು ಹೇಳಿಕೊಡೋಕೆ ಇಟಲಿಯೋರು ಬೇಕಿತ್ತಾ?” ಎಂದರು. ನ್ಯಾಯವಾದ ಪ್ರಶ್ನೆ. ವ್ಯತ್ಯಾಸ ಇರುವುದು ಒಂದೇ ಕಡೆ, ಇಲ್ಲಿ ಡಿಕಾಕ್ಷನ್ ಪೂರ್ತಿ ಆರಿರಬೇಕು. ಬಿಸಿ ಕಾಫಿಗೆ ಬಿದ್ದ ರಸ್ಕು ಕ್ಷಣದಲ್ಲಿ ಕರಗಿ ತಳ ಸೇರುತ್ತದೆ. ತಣ್ಣಗಿದ್ದರೆ ನೀರು ನಿಧಾನ ಒಳಗಿಳಿಯುತ್ತದೆ. ಸವೊಯಾರ್ಡಿಗೆ ಒಂದೆರಡು ಸೆಕೆಂಡು ಸಾಕು. ರಸ್ಕು ಒತ್ತಾಗಿರುವುದರಿಂದ ಒಂದೊಂದು ಬದಿಗೆ ಮೂರು ನಾಲ್ಕು ಸೆಕೆಂಡು. ನಡುವೆ ಸ್ವಲ್ಪ ಒಣಗಿದ್ದರೂ ಚಿಂತೆಯಿಲ್ಲ, ಫ್ರಿಜ್ಜಿನಲ್ಲಿ ಕೂತಾಗ ಸುತ್ತಲಿನ ತೇವ ಅಲ್ಲಿಗೂ ಹೋಗುತ್ತದೆ. ಏಲಕ್ಕಿ ಹಾಕಿದ ರಸ್ಕು ಸಿಕ್ಕರೆ ಬಿಡಬೇಡಿ, ಅರಬರು ಕಾಫಿಗೆ ಏಲಕ್ಕಿ ಹಾಕುವುದು ಸುಮ್ಮನೆ ಅಲ್ಲ. ಸೋಂಪು, ಜೀರಿಗೆ ಹಾಕಿದ್ದು ಮಾತ್ರ ಬೇಡ.

ಇಡೀ ವಿಷಯದ ಗಂಟು ಇರುವುದು ಕೆನೆಯಲ್ಲಿ. ಮಸ್ಕರ್ಪೊನೆ ಎಂಬ ಹೆಸರು ಕೇಳಿ, ಅದರ ಪುಟ್ಟ ಡಬ್ಬಿಯ ಬೆಲೆ ನೋಡಿ ಎಷ್ಟೋ ಜನ ಆಸೆ ಬಿಟ್ಟಿದ್ದಾರೆ. ಅದನ್ನು ಚೀಸ್ ಎಂದು ಕರೆದರೂ ಹದಗೊಳಿಸುವ ಹೆಪ್ಪಿಲ್ಲ, ತಿಂಗಳುಗಟ್ಟಲೆ ಮಾಗಿಸುವುದಿಲ್ಲ. ಪನೀರ್ ಮಾಡುವುದು ಗೊತ್ತಿದ್ದರೆ ಇದೂ ಗೊತ್ತಿದ್ದಂತೆ. ಹಾಲನ್ನು ಕಾಯಿಸಿ ಹುಳಿ ಹಿಂಡಿದರೆ ಅದರ ಪ್ರೊಟೀನು ಗಂಟುಗಂಟಾಗಿ ನೀರಿನಿಂದ ಬೇರೆಯಾಗುತ್ತದೆ, ಅದು ಪನೀರ್. ಹಾಲಿನ ಬದಲು ಕೆನೆ ಕಾಯಿಸಿ ಹುಳಿ ಹಿಂಡಿದರೆ ಪ್ರೊಟೀನು ಕಡಿಮೆ, ಕೊಬ್ಬು ಹೆಚ್ಚು. ಗಂಟು ಕಟ್ಟಲು ಕೊಬ್ಬಿನ ಕಣಗಳು ಬಿಡುವುದಿಲ್ಲ. ಒಡೆಯುವ ಬದಲು ಇಡೀ ಕೆನೆಯೇ ನುಣ್ಣಗೆ ಮಂದವಾಗುತ್ತದೆ.

ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ 25 ಕೊಬ್ಬು. ಅರ್ಧ ಲೀಟರನ್ನು ದಪ್ಪ ತಳದ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಕುದಿನೀರಿನ ಮೇಲಿಟ್ಟು ಕಾಯಿಸಿ. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದು ಕುದಿ ಇನ್ನೂ ಬಾರದ ಹಂತ, ಥರ್ಮಾಮೀಟರ್ ಇದ್ದವರಿಗೆ 85 ಡಿಗ್ರಿ. ಆಗ ಒಂದು ದೊಡ್ಡ ಚಮಚ ನಿಂಬೆರಸ ಹಾಕಿ, ಮೆಲ್ಲಗೆ ಕಲಕುತ್ತಾ ಐದು ನಿಮಿಷ ಅದೇ ಬಿಸಿಯಲ್ಲಿ ಇಡಬೇಕು. ಚಮಚದ ಬೆನ್ನಿಗೆ ಅಂಟಿಕೊಳ್ಳುವಷ್ಟು ಮಂದವಾದರೆ ಸಾಕು. ಏನೂ ಆಗಲಿಲ್ಲವಲ್ಲ ಎಂದು ಇನ್ನಷ್ಟು ನಿಂಬೆ ಹಿಂಡುವ ಆಸೆ ಇಲ್ಲೇ ಹುಟ್ಟುವುದು, ತಡೆಯಿರಿ. ಆರಿದ ಮೇಲೆ ಬಿಳಿ ಪಂಚೆಯ ಬಟ್ಟೆ ಹಾಸಿದ ಜರಡಿಗೆ ಸುರಿದು, ಕೆಳಗೆ ಬಟ್ಟಲಿಟ್ಟು, ಫ್ರಿಜ್ಜಿನಲ್ಲಿ ರಾತ್ರಿ ಬಿಡಿ. ಬೆಳಗ್ಗೆಗೆ ಕಾಲು ಕೆಜಿ ಆಸುಪಾಸು ಗಟ್ಟಿ ಕೆನೆ ಸಿಗುತ್ತದೆ. ಗಂಟನ್ನು ಹೊರಗೆ ನಲ್ಲಿಗೆ ನೇತುಹಾಕುವ ನಮ್ಮ ಅಭ್ಯಾಸ ಇದಕ್ಕೆ ಆಗದು, ಹುಳಿಯಾಗುತ್ತದೆ.

ದಿನದಿನದ ಹಾಲಿನ ಮೇಲಿನ ಕೆನೆ ಕೂಡಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅದು ಕಾದು ಪದರಗಟ್ಟಿದ ಕೆನೆ, ವಾರಗಟ್ಟಲೆ ಕೂತು ಹುಳಿ ಹಿಡಿದದ್ದು. ಬೆಣ್ಣೆಗೆ ಅದು ಸರಿ, ಇಲ್ಲಿ ದಾರದಂತೆ ಬಾಯಿಗೆ ಸಿಗುತ್ತದೆ. ಕಟ್ಟಿದ ಮೊಸರಿನಿಂದ ಮಾಡಬಹುದು. ಶಿವಮೊಗ್ಗ ರಸ್ತೆಯ ಮಾಚೇನಹಳ್ಳಿ ಡೇರಿಯ ಹಾಲನ್ನು ಊರೆಲ್ಲ ಕುಡಿಯುತ್ತದೆ; ಅದರಲ್ಲಿ ಶೇ 3 ಕೊಬ್ಬಿನ ನೀಲಿ ಪೊಟ್ಟಣ ಬಿಟ್ಟು ಶೇ 6ರ ನಂದಿನಿ ಸಮೃದ್ಧಿ ತಂದು, ಹೊಸದಾಗಿ ಹೆಪ್ಪು ಹಾಕಿ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದರೆ ಒಳ್ಳೆಯ ಗಟ್ಟಿ ಮೊಸರು. ಆದರೆ ಆಗ ಅದು ಕಾಫಿ ಶ್ರೀಖಂಡ. ತುಂಬ ರುಚಿ, ನಾಚಿಕೆಯಿಲ್ಲದೆ ಆ ಹೆಸರಿನಲ್ಲೇ ಬಡಿಸಿ.

ಮಸ್ಕರ್ಪೊನೆ ಜೊತೆಗೆ ಹಗುರಕ್ಕಾಗಿ ಗಾಳಿ ತುಂಬಿದ ಕ್ರೀಮ್ ಬೇಕು. ಶೇ 30ಕ್ಕಿಂತ ಕಡಿಮೆ ಕೊಬ್ಬಿರುವ ಕ್ರೀಮನ್ನು ಎಷ್ಟು ಕಡೆದರೂ ನೊರೆ ನಿಲ್ಲದು. ಪೊಟ್ಟಣದ ಫ್ರೆಶ್ ಕ್ರೀಮನ್ನು ಅರ್ಧ ಗಂಟೆ ಕಡೆದು ಕೈ ಸೋತವರು ಮಿಕ್ಸರನ್ನು ಬೈಯುತ್ತಾರೆ, ತಪ್ಪು ಮಿಕ್ಸರಿನದಲ್ಲ. ಕೇಕ್ ಸಾಮಾನು ಮಾರುವ ಅಂಗಡಿಗಳಲ್ಲಿ ಎರಡು ಬಗೆ ಸಿಗುತ್ತದೆ: ಹಾಲಿನ ವಿಪ್ಪಿಂಗ್ ಕ್ರೀಮ್ ಒಂದು, ಸಸ್ಯದ ಎಣ್ಣೆಯಿಂದ ಮಾಡಿ ಮೊದಲೇ ಸಿಹಿ ಬೆರೆಸಿದ್ದು ಇನ್ನೊಂದು. ಎರಡನೆಯದು ಬಿಸಿಲಿಗೂ ಜಗ್ಗದೆ ನಿಲ್ಲುತ್ತದೆ, ಅಗ್ಗ, ಹುಟ್ಟುಹಬ್ಬದ ಕೇಕಿನ ಮೇಲೆ ಇರುವುದು ಬಹುತೇಕ ಅದೇ. ತಿಂದ ಮೇಲೆ ಅಂಗುಳಿಗೆ ಮೇಣದಂತೆ ಅಂಟುವುದೂ ಅದೇ. ನಾಲ್ಕೇ ಸಾಮಾನಿನ ಸಿಹಿಯಲ್ಲಿ ಒಂದು ಸುಳ್ಳಾದರೆ ಮುಚ್ಚಿಡಲು ಜಾಗವಿಲ್ಲ, ಹಾಲಿನದ್ದನ್ನೇ ತನ್ನಿ. 200 ಮಿಲಿ ಸಾಕು. ಕ್ರೀಮ್, ಬಟ್ಟಲು, ಕಡೆಯುವ ಬ್ಲೇಡು ಮೂರನ್ನೂ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಆರಕ್ಕೋ ಏಳಕ್ಕೋ ಕೆಲಸ ಮುಗಿಸುವುದು ಜಾಣತನ. ಬ್ಲೇಡು ಎತ್ತಿದಾಗ ಮೃದುವಾದ ಕೊಂಬು ಏಳಬೇಕು, ಅಲ್ಲಿಗೆ ನಿಲ್ಲಿಸಿ. ಅದರಾಚೆಗೆ ಬರುವುದು ಏನೆಂದು ಮೊಸರು ಕಡೆದವರಿಗೆಲ್ಲ ಗೊತ್ತು: ಕಾಳುಕಾಳಾಗಿ ಬೆಣ್ಣೆ, ಕೆಳಗೆ ಮಜ್ಜಿಗೆ.

ಇನ್ನು ಕೂಡಿಸುವುದು. ಕಾಲು ಕೆಜಿ ಮಸ್ಕರ್ಪೊನೆಗೆ 60 ಗ್ರಾಂ ಪುಡಿ ಸಕ್ಕರೆ ಹಾಕಿ ಸೌಟಿನಲ್ಲಿ ನುಣ್ಣಗೆ ಮಾಡಿ, ಕಡೆದ ಕ್ರೀಮನ್ನು ಮೂರು ಕಂತಿನಲ್ಲಿ ಮೇಲಿಂದ ಕೆಳಗೆ ಮಗುಚುತ್ತಾ ಬೆರೆಸಿ. ಗರಗರ ತಿರುಗಿಸಿದರೆ ಒಳಗಿನ ಗಾಳಿ ಹೋಗುತ್ತದೆ. ಮೊಟ್ಟೆ ತಿನ್ನುವವರು ಮೂರು ಹಳದಿಯನ್ನು ಆ ಸಕ್ಕರೆಯ ಜೊತೆ ಬಿಸಿನೀರಿನ ಪಾತ್ರೆಯ ಮೇಲೆ ಬಿಡದೆ ಕಡೆದು, 70 ಡಿಗ್ರಿ ದಾಟಿಸಿ, ಬಿಳಿಚಿಕೊಂಡು ಮಂದವಾದ ಮೇಲೆ ಆರಿಸಿ ಸೇರಿಸಬಹುದು. ಹಸಿ ಹಳದಿ ಹಾಕುವುದು ಇಟಲಿಯಲ್ಲಿ ರೂಢಿ. ನಮ್ಮ ಅಂಗಡಿಗಳಲ್ಲಿ ಬಿಸಿಲಿಗೆ ಟ್ರೇಯಲ್ಲಿ ಕೂತ ಮೊಟ್ಟೆಗೆ ಆ ಧೈರ್ಯ ಬೇಡ, ಸಾಲ್ಮೊನೆಲ್ಲಾ ಊರು ನೋಡಿ ಬರುವುದಿಲ್ಲ.

ಇದನ್ನೆಲ್ಲ ದೊಡ್ಡ ಟ್ರೇಯಲ್ಲಿ ಹಾಕುವುದು ತ್ರೆವೀಜೊದ ಕ್ರಮ. ಒಬ್ಬೊಬ್ಬರಿಗೆ ಒಂದೊಂದು ಲೋಟ ಮಾಡುವುದರಲ್ಲಿ ಚೆಂದಕ್ಕಿಂತ ಹೆಚ್ಚಿನ ಕಾರಣವಿದೆ. ಟ್ರೇಯಿಂದ ಚೌಕವಾಗಿ ಕತ್ತರಿಸಿ ಎತ್ತಿದಾಗ ತುಂಡು ನಿಲ್ಲಬೇಕು, ಅಂದರೆ ಕೆನೆ ಶೇ 40ಕ್ಕೂ ಮೇಲಿನ ಕೊಬ್ಬಿನ ಗಟ್ಟಿಯದಿರಬೇಕು. ಮನೆಯಲ್ಲಿ ಮಾಡಿದ ಮಸ್ಕರ್ಪೊನೆ ಒಂದು ದಿನ ಗಟ್ಟಿ, ಒಂದು ದಿನ ಸಡಿಲ. ಲೋಟಕ್ಕೆ ಗೋಡೆಯಿದೆ, ಕೆನೆ ತನ್ನ ಕಾಲ ಮೇಲೆ ನಿಲ್ಲಬೇಕಿಲ್ಲ. ಸಣ್ಣ ಪ್ರಮಾಣವಾದ್ದರಿಂದ ತಂಪು ನಡುವಿನವರೆಗೆ ಬೇಗ ತಲುಪುತ್ತದೆ, ನಾಲ್ಕು ಗಂಟೆಗೆ ತಿನ್ನಲು ತಯಾರು. ನಾಮಕರಣಕ್ಕೋ ಗೃಹಪ್ರವೇಶಕ್ಕೋ ಬಂದವರ ಕೈಗೆ ಒಂದೊಂದು ಕೊಟ್ಟರಾಯಿತು, ಬಡಿಸುವವರ ಚಮಚ ಎಲ್ಲರದಕ್ಕೂ ಇಳಿಯುವುದಿಲ್ಲ. ಮೊಟ್ಟೆ ಇದ್ದದ್ದು, ಇಲ್ಲದ್ದು, ಮಕ್ಕಳಿಗೆ ಡಿಕಾಕ್ಷನ್ ಬದಲು ಕೋಕೊ ಹಾಲಿಗೆ ಅದ್ದಿದ್ದು ಎಂದು ಬೇರೆ ಬೇರೆ ಸಾಲು ಇಡಬಹುದು. ಹೋಟೆಲಿನಲ್ಲಿ ಬೈಟು ಕಾಫಿ ಕೊಡುವ ದಪ್ಪ ತಳದ ಪುಟ್ಟ ಗಾಜಿನ ಲೋಟ ಇದಕ್ಕೆ ಹೇಳಿ ಮಾಡಿಸಿದ್ದು. ಪಾತ್ರೆ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತದೆ, ಪದರವೂ ಕಾಣುತ್ತದೆ, ಮತ್ತು ಇಷ್ಟು ಕೊಬ್ಬಿನ ಸಿಹಿಗೆ ಅದಕ್ಕಿಂತ ದೊಡ್ಡ ಲೋಟ ಯಾರಿಗೂ ಬೇಡ. ಮೇಲಿನ ಅಳತೆಗೆ ಆರರಿಂದ ಎಂಟು ಲೋಟ ತುಂಬುತ್ತದೆ. ಲೋಟಕ್ಕೆ ಎರಡು ರಸ್ಕು, ಎರಡು ಪದರ ಕೆನೆ.

ಕೋಕೊ ಪುಡಿಯನ್ನು ಬಡಿಸುವ ಹೊತ್ತಿಗೆ ಮಾತ್ರ ಉದುರಿಸಬೇಕು, ಮೊದಲೇ ಹಾಕಿದರೆ ತೇವ ಹೀರಿ ಕರೆಗಟ್ಟುತ್ತದೆ. ಅದಕ್ಕೂ ಹೊರದೇಶದ ಡಬ್ಬಿ ಬೇಕಿಲ್ಲ. ಅಡಿಕೆ ತೋಟದ ನೆರಳಲ್ಲಿ ಕೋಕೊ ಬೆಳೆಸಿದವರು ನಮ್ಮವರೇ. ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು, ಕೋಕೊ ಪುಡಿಯನ್ನೂ ಮಾಡುತ್ತದೆ. ಸಕ್ಕರೆ ಬೆರೆಸದ ಪುಡಿ ಕೇಳಿ ತೆಗೆದುಕೊಳ್ಳಿ.

ಕರೆಂಟಿನ ವಿಚಾರ. ತಿರಮಿಸು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬೇಸಿಗೆಯ ಮಧ್ಯಾಹ್ನದಲ್ಲಿ ಒಂದೇ ಗಂಟೆ. ಕರೆಂಟ್ ಹೋಗಿ ಬಂದು ಆಡುವ ದಿನ ಸಮಾರಂಭವಿದ್ದರೆ ಪನ್ನಾ ಕೊಟ್ಟಾ ಕೈ ಹಿಡಿಯುತ್ತದೆ. ಇದು ಉತ್ತರ ಇಟಲಿಯ ಪಿಯೆಮೊಂತೆ ಕಡೆಯದು: ಕೆನೆಯನ್ನು ಸಕ್ಕರೆಯೊಂದಿಗೆ ಬಿಸಿ ಮಾಡಿ ಜೆಲಾಟಿನ್ ಹಾಕಿ ಗಟ್ಟಿಯಾಗಿಸಿದ್ದು. ಜೆಲಾಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ಬರುತ್ತದೆ, ಆ ಕಾರಣಕ್ಕೇ ನಮ್ಮಲ್ಲಿ ಅನೇಕರಿಗೆ ಆಗದು. ಕಿರಾಣಿ ಅಂಗಡಿಯ ಚೀನಾ ಗ್ರಾಸ್ ಕಡಲ ಪಾಚಿಯದ್ದು. ಇವೆರಡರ ಸ್ವಭಾವವೇ ಬೇರೆ. ಜೆಲಾಟಿನ್ ಗಟ್ಟಿಯಾಗಲು ಫ್ರಿಜ್ ಬೇಕು, ಬಾಯಿಯ ಬಿಸಿಗೇ ಕರಗುತ್ತದೆ. ಪನ್ನಾ ಕೊಟ್ಟಾ ನಾಲಿಗೆಯ ಮೇಲೆ ಮಾಯವಾಗುವುದು ಅದರಿಂದ. ಚೀನಾ ಗ್ರಾಸ್ ಚೆನ್ನಾಗಿ ಕುದಿದರೆ ಮಾತ್ರ ಕರಗುತ್ತದೆ, 40 ಡಿಗ್ರಿಗೆ ಇಳಿಯುವ ಹೊತ್ತಿಗೆ ಹೊರಗೇ ಗಟ್ಟಿಯಾಗಲು ಶುರುಮಾಡುತ್ತದೆ, ಒಮ್ಮೆ ಗಟ್ಟಿಯಾದರೆ 85 ಡಿಗ್ರಿವರೆಗೆ ಕರಗದು. ಓಲ್ಡ್ ಟೌನಿನ ಯಾವ ಬೇಸಿಗೆಯೂ ಅದನ್ನು ಅಲ್ಲಾಡಿಸದು. ಕೆಡುವ ಹಾಲು ಮಾತ್ರ ಕೆಡುತ್ತದೆ, ಹಾಗಾಗಿ ತಿನ್ನುವವರೆಗೆ ತಂಪು ಬೇಕೇ ಬೇಕು. ನಡುವೆ ಕರೆಂಟ್ ಹೋದರೆ ಆಕಾರ ಕುಸಿಯುವ ಭಯವಿಲ್ಲ ಅಷ್ಟೆ.

ತೊಂದರೆ ಎಂದರೆ ಬಾಯಲ್ಲಿಯೂ ಅದು ಕರಗದು, ಅಗಿಯಬೇಕು. ಪೊಟ್ಟಣದ ಮೇಲೆ ಬರೆದ ಅಳತೆ ಹಾಕಿದರೆ ರಬ್ಬರಿನಂಥ ಗಟ್ಟಿ ಸಿಗುತ್ತದೆ. ಅಚ್ಚಿನಿಂದ ಕವುಚಿ ಹಾಕುವುದಕ್ಕಾದರೆ ಅಷ್ಟು ಬೇಕೇನೋ. ಲೋಟದಲ್ಲೇ ತಿನ್ನುವವರಿಗೆ ಬೇಡ. 300 ಮಿಲಿ ಗಟ್ಟಿ ಹಾಲು, 200 ಮಿಲಿ ಫ್ರೆಶ್ ಕ್ರೀಮಿಗೆ ನಾಲ್ಕು ಗ್ರಾಂ ಎಳೆಯ ಚೀನಾ ಗ್ರಾಸ್ ಇಟ್ಟುಕೊಳ್ಳಿ. ಎಳೆಗಳನ್ನು ಮೊದಲು ಸ್ವಲ್ಪ ನೀರಲ್ಲಿ ನೆನೆಸಿ, ಅದೇ ನೀರಲ್ಲಿ ಕುದಿಸಿ ಪೂರ್ತಿ ಕರಗಿಸಿ, ಆಮೇಲೆ ಬಿಸಿ ಹಾಲಿಗೆ ಸೋಸಬೇಕು. ತಣ್ಣನೆ ಹಾಲಿಗೆ ಸುರಿದರೆ ಅಲ್ಲೇ ನೂಲುನೂಲಾಗಿ ಕಟ್ಟಿಕೊಳ್ಳುತ್ತದೆ. ಒಂದು ಚಮಚ ತಣ್ಣನೆ ತಟ್ಟೆಗೆ ಹಾಕಿ ಎರಡು ನಿಮಿಷ ಬಿಟ್ಟು ನೋಡಿ. ತಟ್ಟೆ ಓರೆ ಮಾಡಿದಾಗ ನಡುಗಬೇಕು, ಹರಿಯಬಾರದು. ಎಳೆಗಳ ಕಸುವು ಒಂದೊಂದು ಕಂಪನಿಯದು ಒಂದೊಂದು ಥರ, ಈ ಪರೀಕ್ಷೆ ಬಿಟ್ಟರೆ ಬೇರೆ ದಾರಿಯಿಲ್ಲ. ಗಟ್ಟಿ ಎನಿಸಿದರೆ ಬಿಸಿ ಹಾಲು ಬೆರೆಸಿ.

80 ಮಿಲಿ ಡಿಕಾಕ್ಷನ್ನನ್ನು ಒಲೆ ಆರಿಸಿದ ಮೇಲೆಯೇ ಹಾಕಿ. ಕುದಿಸಿದರೆ ಘಮ ಹಾರಿಹೋಗುತ್ತದೆ, ಡಿಕಾಕ್ಷನ್ನಿನ ಹುಳಿಗೆ ನಿನ್ನೆಯ ಹಾಲು ಒಡೆದರೂ ಒಡೆಯಬಹುದು. ಇಲ್ಲಿ ಸಕ್ಕರೆ ಕಡಿಮೆ ಮಾಡಿ, ಮೇಲೊಂದು ಚಮಚ ಜೋನಿ ಬೆಲ್ಲ ಸುರಿಯುವುದು ನನ್ನ ಖಾಯಂ ಕ್ರಮ. ಬೆಲ್ಲದ ಕಾಫಿ ಕುಡಿದು ಬೆಳೆದ ಮಲೆನಾಡಿನವರಿಗೆ ಆ ಜೋಡಿ ಹೊಸದಲ್ಲ, ಅದನ್ನು ತಣ್ಣಗೆ ತಿಂದಿರುವುದಿಲ್ಲ ಅಷ್ಟೆ. ಬೆಲ್ಲವನ್ನು ಕುದಿಯುವ ಹಾಲಿಗೇ ಹಾಕುವ ಸಾಹಸ ಬೇಡ, ಏನಾಗುತ್ತದೆಂದು ಪಾಯಸ ಒಡೆದವರನ್ನು ಕೇಳಿ.

ಅಫೊಗಾಟೊ ಬಗ್ಗೆ ಹೇಳುವುದು ಕಡಿಮೆ. ಲೋಟವನ್ನು ಫ್ರೀಜರಿನಲ್ಲಿಟ್ಟು ತೆಗೆದು, ಎರಡು ಉಂಡೆ ವೆನಿಲಾ ಐಸ್‌ಕ್ರೀಮ್ ಹಾಕಿ, ಎಲ್ಲರೂ ಕೂತ ಮೇಲೆ ಅವರ ಎದುರೇ 30 ಮಿಲಿ ಬಿಸಿ ಡಿಕಾಕ್ಷನ್ ಸುರಿಯುವುದು. ಡಿಕಾಕ್ಷನ್ ಬಿಸಿ ಮಾಡುವಾಗ ಒಲೆಯ ಮೇಲೆ ನೇರ ಇಡದೆ ಬಿಸಿನೀರಿನ ಪಾತ್ರೆಯೊಳಗೆ ಇಡಬೇಕೆಂದು ಯಾರಿಗೂ ಹೇಳಬೇಕಿಲ್ಲ. ಡಬ್ಬಿಯ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಅದರಲ್ಲಿ ಸಸ್ಯದ ಕೊಬ್ಬಿರುತ್ತದೆ, ಬಿಸಿ ಬಿದ್ದ ಕೂಡಲೇ ಗುಟ್ಟು ರಟ್ಟಾಗುತ್ತದೆ. ‘ಐಸ್‌ಕ್ರೀಮ್’ ಎಂದು ಬರೆದದ್ದನ್ನೇ ತನ್ನಿ.

ಕೆನೆಯ ಗೊಡವೆಯೇ ಬೇಡ ಎನ್ನುವವರಿಗೆ ಸಿಸಿಲಿಯ ಗ್ರಾನೀಟ ಇದೆ. 200 ಮಿಲಿ ಗಟ್ಟಿ ಡಿಕಾಕ್ಷನ್, 300 ಮಿಲಿ ಬಿಸಿನೀರು, 90 ಗ್ರಾಂ ಸಕ್ಕರೆ, ಕರಗಿಸಿ ಆರಿಸಿ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಫ್ರೀಜರಿಗೆ. ಸಕ್ಕರೆ ಇರುವುದರಿಂದ ನೀರು ಒಂದೇ ಗಡ್ಡೆಯಾಗಿ ಹೆಪ್ಪುಗಟ್ಟದೆ ಹರಳುಹರಳಾಗುತ್ತದೆ. ಸಕ್ಕರೆ ತೀರ ಇಳಿಸಿದರೆ ಕಲ್ಲು, ಏರಿಸಿದರೆ ಕೆಸರು. ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಅಂಚಿನ ಹರಳನ್ನು ಹೆರೆದು ನಡುವಿಗೆ ತಳ್ಳುತ್ತಿದ್ದರೆ ಮೂರು ಗಂಟೆಗೆ ತಟ್ಟೆ ತುಂಬ ಕಂದು ಹರಳು. ಕರೆಂಟ್ ಹೋಗಿ ಕರಗಿದರೂ ನಷ್ಟವಿಲ್ಲ, ಬಂದ ಮೇಲೆ ಮತ್ತೆ ಹೆಪ್ಪುಗಟ್ಟಿಸಿ ಹೆರೆಯಬಹುದು. ಕೆನೆಯ ಸಿಹಿಗಳಿಗೆ ಈ ಸೌಲಭ್ಯವಿಲ್ಲ. ಸಿಸಿಲಿಯ ಮೆಸ್ಸೀನಾದಲ್ಲಿ ಇದನ್ನು ಬೆಳಗಿನ ತಿಂಡಿಗೆ ತಿನ್ನುತ್ತಾರೆ, ಮೇಲೆ ಕಡೆದ ಕೆನೆ, ಪಕ್ಕದಲ್ಲಿ ಬ್ರಿಯೋಷ್ ಎಂಬ ಬೆಣ್ಣೆ ಬನ್ನು. ಇಲ್ಲಿ ಅದರ ಜಾಗಕ್ಕೆ ಬೇಕರಿಯ ಸಿಹಿ ಬನ್ ನಡೆಯುತ್ತದೆ. ಬೆಳಗ್ಗೆ ಒಲೆಯಿಂದ ಇಳಿದ ಮೊದಲ ಟ್ರೇಯದ್ದು ತನ್ನಿ; ಖಾರಾ ಬನ್ ಜೊತೆಗೂ ಮಾಡಿ ನೋಡಿದ್ದೇನೆ, ಅದು ಬೇಡ.